ಎರಡು ಸೂರ್ಯರ ಗ್ರಹದ ಕೊನೆಯ ಮೂರು ಅಧ್ಯಾಯ

ಜುಲೈ 6, ಭಾನುವಾರ

ಮಾಮಿಗೆ ಬಿ.ಪಿ. ಮಾತ್ರೆ ಕೊಟ್ಟೆ. ಒಣಗದ ಬಟ್ಟೆಯನ್ನು ಒಳಗಿನ ಹಗ್ಗಕ್ಕೆ ಹಾಕಿದೆ. ಮತ್ತೆ ಮಧ್ಯಾಹ್ನ... ಭಾನುವಾರದ ಮಧ್ಯಾಹ್ನ.

ಉಪ್ಪಿನಂಗಡಿಯ ಎಲೆಕ್ಟ್ರಿಕಲ್ ಅಂಗಡಿಗೆ ಇವರು ರಜೆ ಮಾಡುತ್ತಿದ್ದ ದಿನ. ಊಟವಾದ ಮೇಲೆ ಗಟ್ಟಿಯಾಗಿ ಒಂದು ಅಧ್ಯಾಯ ಓದುವುದು, ನಾನು ಕೇಳುವುದು. ಸೌದಿಯ ದಮಾಮಿನಲ್ಲಿದ್ದಾಗ ಇವರು ನೋಡುತ್ತಿದ್ದ ಯಾವುದೋ ಇಂಗ್ಲಿಷ್ ಸೀರಿಯಲ್ಲಿನ ಕಾದಂಬರಿ. ಕಾಲಯಾನಿಗಳಿಬ್ಬರು, ಮಾರಾ ಮತ್ತು ಟೋಬಿನ್, ಎರಡು ಸೂರ್ಯರಿರುವ ದೂರದ ಗ್ರಹದಲ್ಲಿ ಸಿಕ್ಕಿಬಿದ್ದಿದ್ದಾರೆ. ಯಂತ್ರದಲ್ಲಿ ಒಬ್ಬರಿಗೆ ಮಾತ್ರ ಜಾಗ.

"ನೀನು ಹೋಗು. ನಾನಲ್ಲೇ ಅಂಗಡಿ ಇಡ್ತೇನೆ" ಎಂದಿದ್ದರು.

"ಎರಡೆರಡು ಸೂರ್ಯ ಇರುವಲ್ಲಿ ನಿಮ್ಮ ಬಲ್ಬು ಯಾರು ತೆಗೊಳ್ತಾರೆ ಮಾರಾಯ್ರೆ?"

ಮೂರು ಅಧ್ಯಾಯ ಬಾಕಿ. ಒಬ್ಬರೇ ಮುಂದೆ ಓದಬಾರದೆಂದು ಒಪ್ಪಂದವಿತ್ತು. ಈಗ ಅದು ಯಾರೊಂದಿಗಿನ ಒಪ್ಪಂದ? ಪುಸ್ತಕ ಕಣ್ಣಿಗೆ ಬೀಳದಿರಲೆಂದು ಇವರ ಅಂಗಿಗಳ ಅಡಿಯಲ್ಲಿಟ್ಟಿದ್ದೇನೆ.

ನಾಳೆಗೆ ಇವರು ಹೋಗಿ ನಲವತ್ತು ದಿನ.

ಜುಲೈ 8, ಮಂಗಳವಾರ

ಪುಸ್ತಕ ಇಲ್ಲ.

ನಿನ್ನೆ ಮಾಮಿ ಕೇಳಿದ್ದರು, "ಬಟ್ಟೆ ಯಾವುದೆಲ್ಲ ಕೊಡುದು?" ನಾನೇ ಹೇಳಿದೆ—ಕಪಾಟಿನದ್ದೆಲ್ಲ ಕೊಡಿ, ನನಗೆ ನೋಡಲಾಗುವುದಿಲ್ಲ. ಲೋಡಿಂಗ್ ಕೆಲಸದ ಆದಂ ಕುಂಞಿ ಕಟ್ಟನ್ನು ರಾಮಕುಂಜದ ತನ್ನ ಮನೆಗೆ ಒಯ್ದ. ಅಂಗಿಗಳ ಜೊತೆ ಅದೂ ಹೋಗಿದೆ.

ಗಂಡ ಹೋದವಳ ಇದ್ದತ್ ಮುಗಿಯುವವರೆಗೆ, ನಾಲ್ಕು ತಿಂಗಳು ಹತ್ತು ದಿನ, ನಾನು ಮನೆ ದಾಟುವ ಹಾಗಿಲ್ಲ. ಪಾಠ ಮಾಡುವ ಶಾಲೆಗೂ ರಜೆ ಹಾಕಿದ್ದೇನೆ. ಹೋಗಿ ತರುವುದು ಹೇಗೆ?

ಜುಲೈ 9

ಮಾಮಿಗೆ ಹೇಳಿದೆ. ಹೇಳಬಾರದಿತ್ತೇನೋ.

"ಸದಖಾ ಅಂತ ದಾನ ಕೊಟ್ಟದ್ದನ್ನು ಹಿಂದೆ ಕೇಳುದಾ? ನನ್ನ ಮಗನ ಹೆಸರಲ್ಲಿ ಕೊಟ್ಟದ್ದು ಅದು!"

"ಬಟ್ಟೆ ಅಲ್ಲ ಮಾಮಿ. ಒಂದು ಪುಸ್ತಕ ಮಾತ್ರ."

"ಪುಸ್ತಕ ಆದರೆ ಕೇಳ್ಬಹುದು ಅಂತ ಯಾವ ಉಸ್ತಾದ್ ಹೇಳಿದ್ದು?"

ಅವರ ಮಾತು ಸರಿ. ಆದರೂ ಊಟ ಬಿಟ್ಟೆ. ನಲವತ್ತಾರು ವರ್ಷದವಳು, ಮಗುವಿನ ಹಾಗೆ.

ಜುಲೈ 19, ಶನಿವಾರ

ಹತ್ತು ದಿನ ಏನೂ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ.

ಇವತ್ತು ಬೆಳ್ಳುಳ್ಳಿ ಸುಲಿಯುತ್ತಿದ್ದ ಮಾಮಿ ತಲೆಯೆತ್ತದೆ ಹೇಳಿದರು, "ಹಿಂದೆ ಕೇಳುದು ಬೇಡ. ಓದಿ ಕೇಳಿಸ್ಲಿಕ್ಕೆ ಎಂತ ಅಡ್ಡಿ? ಆದಂ ಕುಂಞಿಯ ಮಗಳು ಕಾಲೇಜಿಗೆ ಹೋಗುದಲ್ವಾ? ಫೋನ್ ಉಂಟಲ್ಲ."

ಅಷ್ಟು ದಿನ ಅವರೂ ಅದನ್ನೇ ಯೋಚಿಸುತ್ತಿದ್ದರೇ? ನನಗೆ ಹೊಳೆಯಲೇ ಇಲ್ಲ.

ಜುಲೈ 20, ಭಾನುವಾರ, ಮಧ್ಯಾಹ್ನ ಮೂರು

ಆದಂ ಕುಂಞಿಯ ಮಗಳು ಮಿಸ್ರಿಯಾ ಫೋನ್ ಮಾಡಿದಳು. ನನ್ನ ಹಳೆಯ ವಿದ್ಯಾರ್ಥಿನಿಯಂತೆ, ಮುಖ ನೆನಪಾಗಲಿಲ್ಲ.

"ಟೀಚರ್, ಇದರಲ್ಲಿ ಇಂಗ್ಲಿಷ್ ಪದದ ಮೇಲೆಲ್ಲ ಪೆನ್ಸಿಲಲ್ಲಿ ಕನ್ನಡ ಅಕ್ಷರದಲ್ಲಿ ಅದನ್ನೇ ಬರ್ದಿದ್ದಾರೆ. ಹಾಗೇ ಓದುದಾ?"

ಅರ್ಥವಾಗಲಿಲ್ಲ. ನಾವು ಓದದ ಅಧ್ಯಾಯಗಳಲ್ಲೂ ಇದೆಯಂತೆ.

ಆಮೇಲೆ ಅರ್ಥವಾಯಿತು. ಇವರು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಗಲ್ಫಿನಲ್ಲಿ ಕಲಿತದ್ದು. ಓದುವಾಗ ನಾನು ಉಚ್ಚಾರ ತಿದ್ದುತ್ತಿದ್ದೆ—ಟೀಚರಲ್ಲವೇ. ಒಮ್ಮೆ ನನ್ನ ತಮ್ಮ ಆಶಿಕ್‌ನ ಎದುರು ನಕ್ಕುಬಿಟ್ಟೆ. ಅದರ ನಂತರ ಇವರು ತಡವರಿಸಿದ್ದು ಕಡಿಮೆ. ಸುಧಾರಿಸಿದರು ಎಂದುಕೊಂಡೆ. ಅಂಗಡಿಯಲ್ಲಿ ಕುಳಿತು, ವಾರವಿಡೀ, ಪದಪದಕ್ಕೆ ತಯಾರಿ ಮಾಡುತ್ತಿದ್ದರು.

ಒಪ್ಪಂದ ಮುರಿದದ್ದು ನನಗೆ ಹೆದರಿ.

"ಹಾಗೇ ಓದು" ಎಂದೆ.

ಓದಿದಳು. ಒಂದು ಕಡೆ ಇವರು 'ಚಾವೋಸ್' ಎಂದು ಬರೆದಿದ್ದರು. ಅದು 'ಕೇಯಾಸ್' ಎಂದು ಅವಳಿಗೆ ಗೊತ್ತು, ಕ್ಷಣ ನಿಂತಳು. ಆದರೂ ಚಾವೋಸ್ ಎಂದೇ ಓದಿದಳು. ತಿದ್ದಲು ಬಾಯಿ ತೆರೆದಿದ್ದೆ. ಸೆರಗು ಅಡ್ಡ ಹಿಡಿದೆ.

ಜುಲೈ 27, ಭಾನುವಾರ

ಎರಡನೆಯ ಅಧ್ಯಾಯ. ಮಾಮಿಯೂ ಬಂದು ಕುಳಿತರು. ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ಸ್ಪೀಕರ್ ಹಾಕಿದೆ. ಮಧ್ಯದಲ್ಲಿ ಮೆಲ್ಲಗೆ, "ನನ್ನ ಸಾಹುಲ್ ಹೀಗೇ ಎಳೆದು ಎಳೆದು ಓದ್ತಿದ್ದ. ಮದ್ರಸದಲ್ಲಿಯೂ."

ಹುಡುಗಿಯ ಗಂಟಲು. ಓದು ಮಾತ್ರ ಇವರದ್ದು.

ಮುಗಿದ ಮೇಲೆ ಮಿಸ್ರಿಯಾ ಕೇಳಿದಳು, "ಪುಸ್ತಕ ನಿಮಗೇ ತಂದು ಕೊಡ್ಲಾ ಟೀಚರ್?" ಮಾಮಿ ನನ್ನ ಮುಖ ನೋಡಿದರು. ಬೇಡ ಎಂದರು ಅಂತಲ್ಲ. ನಾನೇ ಬೇಡವೆಂದೆ. ಕೈಗೆ ಬಂದರೆ ಬರೀ ಕಣ್ಣಿನಿಂದ ಓದಿಬಿಡುತ್ತೇನೆ, ಕೇಳಿಸುವುದಿಲ್ಲ.

ಆಗಸ್ಟ್ 3, ಭಾನುವಾರ

ಕೊನೆಯ ಅಧ್ಯಾಯ. ಯಂತ್ರದ ಬಾಗಿಲು ತೆರೆದಿದೆ. ಇಬ್ಬರೂ ಎದುರು ನಿಂತಿದ್ದಾರೆ. ಮಿಸ್ರಿಯಾ ನಿಲ್ಲಿಸಿದಳು.

"ಟೀಚರ್... ಇನ್ನು ಮುಂದೆ ಪೆನ್ಸಿಲ್ ಇಲ್ಲ."

"ಎಷ್ಟು ಪುಟ ಉಂಟು?"

"ನಾಲ್ಕು."

ಇವರು ಇಲ್ಲಿಯವರೆಗೆ ಬಂದಿದ್ದರು. ಬುಧವಾರವೋ, ಗುರುವಾರ ಬೆಳಿಗ್ಗೆಯೋ. ಗುರುವಾರ ಹನ್ನೊಂದು ಗಂಟೆಗೆ ಇವರು ಹೋದರೆಂದು ಅಂಗಡಿಯಿಂದ ಫೋನ್ ಬಂದದ್ದು.

"ಎಂತ, ನಿಲ್ಲಿಸಿದಳಾ?" ಎಂದರು ಮಾಮಿ. "ಓದ್ಲಿಕ್ಕೆ ಹೇಳು. ಅರ್ಧದಲ್ಲಿ ಬಿಡ್ಬಾರ್ದು."

ಓದು ಎಂದೆ. ಓದಿದಳು. ಚೆನ್ನಾಗಿ ಓದುತ್ತಾಳೆ. ಸ್ಪಷ್ಟವಾಗಿ, ಸರಾಗವಾಗಿ. ಶಾಲೆಯಲ್ಲಿ ನಾನೇ ಕಲಿಸಿದ್ದಿರಬೇಕು. ನಾಲ್ಕು ಪುಟದಲ್ಲಿ ಒಂದು ತಪ್ಪೂ ಇಲ್ಲ.

ಫೋನ್ ಇಟ್ಟ ಮೇಲೆ ಮಾಮಿ ಕೇಳಿದರು, "ಮತ್ತೆ ಯಾರು ಹೋದದ್ದು? ಯಾರು ಉಳಿದದ್ದು?"

ಕಿವಿಯ ಹತ್ತಿರವೇ ಹಿಡಿದಿದ್ದೆ. ಪ್ರತಿ ಪದವೂ ಬಿತ್ತು. ಆದರೆ ನಾನು ಕಾದು ಕೇಳುತ್ತಾ ಇದ್ದದ್ದು ಇವರ ತಡವರಿಕೆಯನ್ನು. ಯಾರು ಹೋದರು, ಯಾರು ಉಳಿದರು, ಗೊತ್ತಾಗಲೇ ಇಲ್ಲ.