ಶುಕ್ರವಾರದ ಭೇಟಿ

ಮಗನೇ ಹಾತಿಂ,

ನೀನಿದ್ದಾಗ ಐದು ವರ್ಷ ನಿನ್ನ ಹೊಸಿಲು ತುಳಿಯದ ನನಗೆ, ನೀನು ಸತ್ತ ಮೇಲೆ ಕೈರೋ ಕೋರ್ಟು ನಿನ್ನ ಮಗಳನ್ನು ನೋಡಲು ವಾರಕ್ಕೆ ಮೂರು ಗಂಟೆ ಕೊಟ್ಟಿದೆ. ಇವತ್ತು ಮೊದಲ ಭೇಟಿ. ಅದಕ್ಕೆ ಕೋರ್ಟು ಗೊತ್ತುಮಾಡಿದ ಜಾಗವೋ, ಥೂ, ಯುವಕ ಸಂಘದ ಗಬ್ಬು ಅಂಗಳ! ಗುಮಾಸ್ತ ಕಲ್ಲಂಗಡಿ ಬೀಜದ ಸಿಪ್ಪೆ ನನ್ನ ಕಾಲ ಬಳಿಯೇ ಉಗುಳಿದ.

“ಇಲ್ಲಿ ರುಜು ಹಾಕಿ ಹಾಜಿ. ಮಗೂನ ಕರ್ಕೊಂಡು ಗೇಟು ದಾಟೋ ಹಾಗಿಲ್ಲ. ನೋಡೋಕಷ್ಟೇ ಆರ್ಡರು.”

“ನೋಡೋಕೆ ಅವಳೇನು ಮ್ಯೂಸಿಯಮ್ಮಿನ ಮಮ್ಮಿಯೇನಯ್ಯಾ?”

ನಗಲಿಲ್ಲ, ಮುಂಡೇದು.

ನಿನ್ನ ಮಗಳು ಜುಮಾನಾಳ ಕಿವಿಯ ಹಿಂದಿನಿಂದ ಖರ್ಜೂರ ತೆಗೆದು ತೋರಿಸಿದೆ. ಕಿಲಕಿಲ ನಕ್ಕಳು.

“ಅಪ್ಪಾನೂ ಹಿಂಗೇ ಮಾಡ್ತಿದ್ರು! ಅವ್ರಪ್ಪ ಕಲಿಸಿದ್ದಂತೆ.”

“ಅವ್ರೆಲ್ಲಿದಾರೆ, ಪುಟ್ಟಿ?”

“ಯಾವಾಗ್ಲೋ ಸತ್ತೋದ್ರಂತೆ. ಅಪ್ಪಾನೇ ಹೇಳಿದ್ದು. ನೀವ್ಯಾರು?”

ಎದ್ದು ಹೋಗಿ, ಭೇಟಿ ಮುಗಿಯಿತೆಂದು ನಾನೇ ರುಜು ಹಾಕಿದೆ. ಇನ್ನೂ ಎರಡು ಗಂಟೆ ಬಾಕಿಯಿತ್ತು.