ಬಿರಾದರಿಯವರು ತಿಂದ ಪಂಚಮಿ ಉಂಡಿ

ಕಾಲೇಜು ವಸತಿಗೃಹದ ಮಾನ್ಯ ಮೇಲ್ವಿಚಾರಕರೇ,

ನಿಮ್ಮ ಹಿರಿಯ ವಿದ್ಯಾರ್ಥಿಗಳು ನನ್ನ ಸೋದರಳಿಯ ಅಂದಪ್ಪನ ಅಕ್ಕನನ್ನು ಅಣಕಿಸಿದರು. ಅವನು ತಡೆದ. ನೀವು ಶಿಕ್ಷೆ ಕೊಟ್ಟದ್ದು ಅವನಿಗೆ. ಹಿರಿಯರ ಕ್ಷಮೆ ಕೇಳದಿದ್ದರೆ ಅವನಿಗೆ ವಸತಿಗೃಹದಲ್ಲಿ ಜಾಗವಿಲ್ಲವಂತೆ. ಆ ಪಟ್ಟಣದಲ್ಲಿ ನಮಗೆ ಬೇರೆ ಆಸರೆಯಿಲ್ಲ. ಜಾಗ ಹೋದರೆ ಅವನ ಕಾಲೇಜೂ ಹೋಯಿತು. ಎಂಥ ನ್ಯಾಯ ನಿಮ್ಮದು!

ಹೊಸ ಹುಡುಗರಿಗೆ ನಿಮ್ಮ ಹಿರಿಯರು ಹೇಳುವುದೇನು? "ಇದು ಬಿರಾದರಿ. ಇಲ್ಲಿ ಎಲ್ಲರೂ ಒಂದೇ ತಾಯಿಯ ಮಕ್ಕಳು." ಆ ತಾಯಿ ತನ್ನ ಕಿರಿಯ ಮಕ್ಕಳನ್ನು ಹೆತ್ತದ್ದು ಹಿರಿಯರ ಅಂಗಿ ಒಗೆಯಲು, ಸ್ನಾನದ ನೀರು ಹೊರಲು, ಅವರು ಕುಳಿತಾಗ ಗೋಡೆಗೆ ಆನಿಕೊಂಡು ನಿಲ್ಲಲು ಎಂಬುದು ತಿಳಿಯಲು ಹುಡುಗರಿಗೆ ಒಂದು ವಾರವೂ ಬೇಕಾಗುವುದಿಲ್ಲ. ಅಂದಪ್ಪ ಅದನ್ನೆಲ್ಲ ಬಾಯಿಮುಚ್ಚಿ ಮಾಡಿದ. ಮನೆಗೆ ಮಾತ್ರ, ನನಗೆ ಬಹಳ ಮಂದಿ ಅಣ್ಣಂದಿರು ಸಿಕ್ಕಿದ್ದಾರೆಂದು ಕಾಗದ ಬರೆದ.

ನಾವು ಹಳ್ಳಿಯವರು, ನಂಬಿದೆವು. ಅವನ ಅಕ್ಕ ಕಳಕಮ್ಮ ನಾಗರಪಂಚಮಿಗೆಂದು ಗಂಡನ ಮನೆಯಾದ ಇಟಗಿಯಿಂದ ತವರೂರು ಅಳವಂಡಿಗೆ ಬಂದಿದ್ದಳು.

"ಅವನ ಅಣ್ಣಗೋಳಂದ್ರ ನನಗೂ ಒಡಹುಟ್ಟಿದವರ ಅಲ್ಲೇನ್ರಿ ಮಾವಾ? ಪಾಪ, ಅವರ ಅಕ್ಕತಂಗ್ಯಾರು ಎಲ್ಲಿ ಅದಾರೋ! ಉಂಡಿ ಇಲ್ಲದ ಪಂಚಮಿ ಎಂಥಾದ್ರಿ?" ಎಂದಳು.

ಶೇಂಗಾ ಹುರಿದಳು, ಎಳ್ಳು ಕುಟ್ಟಿದಳು, ಬೆಲ್ಲದ ಪಾಕಕ್ಕೆ ಕೈ ಸುಟ್ಟುಕೊಂಡಳು. ಬುಟ್ಟಿ ಹೊತ್ತು ರೈಲು ಹತ್ತಿದವನು ನಾನು.

"ಪಂಚಮಿಗೆ ಅಣ್ಣಗೋಳು ಕೊಡೂ ಕುಬಸದ ಕಣ ಏನೂ ಬ್ಯಾಡಂತ ಹೇಳ್ರಿ. ಈ ಕಡೆ ಬಂದ್ರ ಮನಿಗೆ ಬಂದು ಊಟಾ ಮಾಡಿ ಹೋಗ್ರಿ ಅಂತ ಹೇಳ್ರಿ," ಎಂದು ಕಳಿಸಿದ್ದಳು.

ನಿಮ್ಮ ವಸತಿಗೃಹದ ಊಟದ ಮನೆಯಲ್ಲಿ ನಿಂತು ಹಾಗೆಯೇ ಹೇಳಿದೆ. ಬುಟ್ಟಿ ಬರಿದಾಗುವವರೆಗೆ ಎಲ್ಲರೂ ಅಣ್ಣಂದಿರೇ. ಆಮೇಲೆ ಒಬ್ಬ ಬಾಯಿ ಒರೆಸಿಕೊಂಡು, "ಲೇ ಅಂದ್ಯಾ, ನಿಮ್ಮಕ್ಕ ಹೆಂಗ ನಡೀತಾಳ, ಸ್ವಲ್ಪ ನಡದು ತೋರಸಲೇ," ಎಂದ. ಅಂದಪ್ಪ ಅಲುಗಲಿಲ್ಲ. ಆ ಮಹಾಶಯನೇ ಟವಲನ್ನು ಸೆರಗಿನಂತೆ ಹೊದ್ದು, ಬೆಂಚು ಹತ್ತಿ, ಸೊಂಟ ಬಳುಕಿಸುತ್ತ, "ಬರ್ರಿ ಅಣ್ಣಾರ, ಉಂಡಿ ತಿನ್ನಾಕ ಬರ್ರಿ" ಎಂದು ಕುಣಿದ. ಇವನು ಯಾವ ವಿಲಾಯಿತಿಯಿಂದ ಇಳಿದವನು? ಮೊನ್ನೆ ಮೊನ್ನೆ ನಮ್ಮದೇ ಸೀಮೆಯ ಯಲಬುರ್ಗಾದಿಂದ ಬಂದವನು. ಅವನ ತಾಯಿ ಕರೆಯುವುದೂ ಹೀಗೆಯೇ ಅಲ್ಲವೇ?

ಅಂದಪ್ಪ ಅವನನ್ನು ಬೆಂಚಿನಿಂದ ಕೆಳಗೆಳೆದ. ಎಳೆದದ್ದು ಹೌದು, ನಾನು ಕಂಡಿದ್ದೇನೆ. ಆಗ ನೀವು ಓಡಿಬಂದಿರಿ. ಹಲ್ಲಿಗೆ ಇನ್ನೂ ಎಳ್ಳು ಮೆತ್ತಿಕೊಂಡಿದ್ದ ಆ ಸಾಕ್ಷಿಗಳನ್ನೆಲ್ಲ ವಿಚಾರಿಸಿದಿರಿ. ನನ್ನನ್ನು ಮಾತ್ರ ಕೇಳಲಿಲ್ಲ. "ಹುಡುಗರ ತಮಾಷಿಗೆ ಇಷ್ಟು ಸಿಟ್ಟೇ?" ಎಂದು ತೀರ್ಪು ಕೊಟ್ಟಿರಿ. ತಮಾಷೆಯಾದರೆ ಅದನ್ನು ನಿಮ್ಮ ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿ ಒಮ್ಮೆ ಆಡಿಸಿ ನೋಡುವಿರಾ?

ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಿ. ಕ್ಷಮೆ ಕೇಳಬೇಕಾದವನು ಅಂದಪ್ಪನಲ್ಲ. ಈಗ ನನ್ನೊಡನೆ ಊರಿಗೆ ಬಂದಿರುವ ಅವನು ಬರುವ ಸೋಮವಾರ ಟ್ರಂಕಿನೊಡನೆ ನಿಮ್ಮ ಬಾಗಿಲಿಗೆ ಬರುತ್ತಾನೆ. ಕಳಕಮ್ಮನೂ ಬರುತ್ತಾಳೆ. ಬೇಡವೆಂದರೂ ಕೇಳಲೊಲ್ಲಳು.

"ನಾನ ಹೋಗಿ ಅವರ ಮುಂದ ನಡೀತೀನ್ರಿ ಮಾವಾ, ಮಾತೂ ಆಡ್ತೀನಿ. ಅಣಕಿಸೋರು ನನ್ನ ಮಾರಿ ನೋಡಿ ಅಣಕಿಸಲಿ," ಎನ್ನುತ್ತಾಳೆ.

ಇಂತಿ,
ಒಂದು ಬುಟ್ಟಿ ಬರಿದಾಗುವಷ್ಟು ಹೊತ್ತು ಇಡೀ ಬಿರಾದರಿಗೆ ಸೋದರಮಾವನಾಗಿದ್ದ
ಈಶಪ್ಪ, ಅಳವಂಡಿ