ಕೇಳಿಸಿತ್ತು ಅಂತಲೇ ಹೇಳುತ್ತೇನೆ

ಸೋಮವಾರ, ನವೆಂಬರ್ ೧೮

ಅಮ್ಮಾ,

ನಿನ್ನ ಲಾಳಿ ಇದು. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಹಾಗೆ ಒಂದು ಕಡೆ ನಿಲ್ಲಲ್ಲ ಅಂತ ನೀನೇ ಇಟ್ಟ ಹೆಸರು. ಅಕ್ಷರ ಇಷ್ಟು ದುಂಡಗಿದೆಯಲ್ಲ ಅಂತ ಹುಬ್ಬೇರಿಸಬೇಡ. ಸೈನ್ಯ ಒಂದಾದರೂ ಒಳ್ಳೆಯದು ಕಲಿಸಿದೆ ಅಂದುಕೋ. ನಮ್ಮ ಮುಷ್ಕರ ಮುರಿಯಲು ಮಿಲ್ಲಿನ ಗೇಟಿಗೆ ಬಂದವರ ಬಟ್ಟೆಯೂ ಇದೇ ಬಣ್ಣದ್ದು ಅಂದವಳು ನೀನು, ನಾನು ಸಮವಸ್ತ್ರ ತೊಟ್ಟ ದಿನ. ಅವತ್ತಿನಿಂದ ಮಾತೇ ಬಿಟ್ಟೆ. ಸಿಟ್ಟು ಇರಲಿ. ಇದನ್ನು ಮಾತ್ರ ಕೊನೆಯ ತನಕ ಓದು.

ಕಳೆದ ವಾರ ಕಾಲುವೆ ಪಕ್ಕದ ನೇಯ್ಗೆ ಮಿಲ್ಲಿನಲ್ಲಿ ನಮ್ಮ ಗಾಯಾಳು ಸೈನಿಕರು ಸಿಕ್ಕಿಬಿದ್ದಿದ್ದರು. ಅವರನ್ನು ಒಳಗೆಳೆದುಕೊಂಡು, ನೀರು ಕುಡಿಸಿ, ಮಗ್ಗದ ಬಟ್ಟೆ ಹರಿದು ಗಾಯ ಕಟ್ಟಿದ್ದು ಅಲ್ಲಿಯ ಕಾರ್ಮಿಕರು. ಎಲ್ಲರನ್ನೂ ಹೊತ್ತು ತರುವ ದೊಡ್ಡ ಹೆಲಿಕಾಪ್ಟರ್ ನಾವು ದೊಡ್ಡಣ್ಣ ಅಂತ ಕರೆಯುವ ಹಿರಿಯ ಪೈಲಟ್‌ನದು. ಅದಕ್ಕೆ ಕಾವಲಾಗಿ ಹಾರುವ ಸಣ್ಣದು ನನ್ನದು.

ತಾರಸಿ ಮೇಲೆ ಒಬ್ಬಾಕೆ ಕೈಯಾಡಿಸುತ್ತಿದ್ದಳು. ಬಾ ಬಾ ಅಂತ ಕರೀತಿದಾಳೆ, ಇಳಿಸ್ತೀನಿ ಅಂದ ದೊಡ್ಡಣ್ಣ. ನಾನು ಸರಿಯಾಗಿ ನೋಡಿದೆ. ಎರಡು ಅಂಗೈ ಎದುರುಬದುರು ಹಿಡಿದು ಒಂದನ್ನು ಸರ್ರನೆ ಕೆಳಕ್ಕೆ ಜಾರಿಸುತ್ತಿದ್ದಳು. ಮಗ್ಗಗಳ ಗದ್ದಲದಲ್ಲಿ ನೀವೆಲ್ಲ ಕೈಯಲ್ಲೇ ಮಾತಾಡುತ್ತಿದ್ದಿರಲ್ಲ, ಅದೇ. ಮಿಲ್ಲು ಯಾವುದಾದರೇನು, ಸನ್ನೆ ಒಂದೇ: ಮಗ್ಗದ ಉರುಳೆ ಕಳಚಿ ಬೀಳ್ತಿದೆ, ಹತ್ತಿರ ಬರಬೇಡ. ಕರೀತಿಲ್ಲಣ್ಣ, ಬರಬೇಡ ಅಂತಿದಾಳೆ, ತಾರಸಿ ಕುಸೀತಿದೆ ಅಂದೆ. ನಿಂಗ್ಹೇಗೆ ಗೊತ್ತು ಅಂದ. ನಮ್ಮಮ್ಮ ಮನೇಲಿ ಬೈಯೋದೂ ಹೀಗೇ ಅಂದೆ. ಅವನು ಮೇಲೆತ್ತಿದ. ಆಕೆ ಮೆಟ್ಟಿಲ ಕಡೆ ಓಡಿದಳು. ನೋಡುತ್ತಿದ್ದಂತೆ ತಾರಸಿಯ ಆ ಮೂಲೆ ಕೆಳಗೆ ಹೋಯಿತು.

ಇಳಿಯಲು ಉಳಿದದ್ದು ಮಿಲ್ಲಿನ ಅಂಗಳ. ಕಾಲುವೆಯಾಚೆಯ ಮೆಷಿನ್‌ಗನ್ನಿಗೆ ಅದು ಕಣ್ಣೆದುರೇ. ದೊಡ್ಡಣ್ಣ ಅಲ್ಲಿಳಿದ, ನಾನು ಅವನಿಗೂ ಆ ಗನ್ನಿಗೂ ನಡುವೆ ಹೋಗಿ ಗಾಳಿಯಲ್ಲೇ ನಿಂತೆ. ಗುಂಡು ಇರುವ ತನಕ ಹೊಡೆದೆ, ಮುಗಿದ ಮೇಲೂ ನಿಂತೆ. ನನ್ನ ಹತ್ತಿರ ಮುಗಿದಿದೆ ಅಂತ ಅವರಿಗೇನು ಗೊತ್ತು. ಅಷ್ಟರಲ್ಲಿ ರೇಡಿಯೊದಲ್ಲಿ ನಮ್ಮ ನೆಲೆಯಿಂದ ಆದೇಶ: ಸಮವಸ್ತ್ರದವರನ್ನು ಮಾತ್ರ ಹತ್ತಿಸಿಕೊಂಡು ಹೊರಡಿ, ಉಳಿದವರನ್ನು ಆಮೇಲೆ ನೋಡೋಣ.

ಆಮೇಲೆ. ಈ ಮಾತು ನಮಗೆ ಹೊಸದೇನಮ್ಮಾ? ಮಿಲ್ಲಿಗೆ ಕಿಟಕಿ ಆಮೇಲೆ. ಡಾಕ್ಟರ್ ಆಮೇಲೆ. ಬಸುರಿಗೆ ರಜೆ ಆಮೇಲೆ. ಗಾಯ ಕಟ್ಟಿದವರನ್ನು ಅಂಗಳದಲ್ಲಿ ಬಿಟ್ಟು ಕಟ್ಟಿಸಿಕೊಂಡವರನ್ನು ಮಾತ್ರ ಹೊತ್ತೊಯ್ಯುವುದು ಯಾವ ಸೀಮೆ ಯುದ್ಧ? ಕೊನೆಯವರು ಹತ್ತುವ ತನಕ ಕದಲಲ್ಲ ಅಂದೆ. ನಿನ್ನ ಬಿಟ್ಟು ನಾನು ಹೇಗೆ ಹೋಗ್ಲಿ ಅಂತ ಗೊಣಗುತ್ತಾ ದೊಡ್ಡಣ್ಣ ಬಾಗಿಲು ತೆರೆದೇ ಕಾದ. ಎಲ್ಲರೂ ಹತ್ತಿದರು, ತಾರಸಿಯ ಆಕೆಯೂ. ಕೊನೆಯಲ್ಲಿ ನನ್ನ ಕೈಗೊಂದು ಗುಂಡು ಸವರಿತು. ಗೀರು, ಅಷ್ಟೇ.

ನಿನ್ನೆ ಕಮಾಂಡರ್ ಹಣ್ಣು ಹಿಡಿದು ಬಂದರು. ರೇಡಿಯೊ ಕೆಟ್ಟಿತ್ತು, ಆದೇಶ ಕೇಳಿಸಲಿಲ್ಲ ಅಂತ ಗುರುವಾರ ವಿಚಾರಣೆಯಲ್ಲಿ ಹೇಳಮ್ಮ, ಪದಕ ನಿನ್ನದೇ. ಕೇಳಿಸಿತ್ತು ಅಂದರೆ ಜೈಲು, ನನ್ನ ಕೈಲಿ ಏನೂ ಇರಲ್ಲ ಅಂದರು.

ಕೇಳಿಸಿತ್ತು ಅಂತಲೇ ಹೇಳುತ್ತೇನೆ. ಕೇಳಿಸಲಿಲ್ಲ ಅಂದರೆ ಅಂಥ ಆದೇಶವೇ ಇರಲಿಲ್ಲ ಅಂತಾಗುತ್ತದೆ. ಅದು ಇವತ್ತಿಗೂ ಜಾರಿಯಲ್ಲಿದೆ. ಕಾಲುವೆಯುದ್ದಕ್ಕೂ ಇನ್ನೂ ಮಿಲ್ಲುಗಳಿವೆ, ಒಳಗೆ ಜನರಿದ್ದಾರೆ. ಕೊಟ್ಟವರ ಬಾಯಿಂದಲೇ ಅದನ್ನು ವಾಪಸ್ ತೆಗೆಸಬೇಕು. ನಾನು ಒಳಗೆ ಹೇಳುತ್ತೇನೆ. ನೀನು ಸಂಘದವರನ್ನೆಲ್ಲ ಕಟ್ಟಿಕೊಂಡು ಬಂದು ನೆಲೆಯ ಗೇಟಿನಲ್ಲಿ ನಿಲ್ಲು. ನನಗಾಗಿ ಬೇಡ, ಅವರಿಗಾಗಿ ಬಾ.

ನೀನು ಮಾತು ಬಿಟ್ಟರೂ ನಿನ್ನ ಮಾತು ಮರೆಯದ,
ಲಾಳಿ

ತಾ.ಕ.: ನಾನು ಹೇಳುತ್ತಾ ಹೋದದ್ದನ್ನು ಬರೆಯುತ್ತಿರುವುದು ಆಸ್ಪತ್ರೆಯ ನರ್ಸಕ್ಕ. ಈಗಷ್ಟೇ ಪೆನ್ನು ಕೆಳಗಿಟ್ಟು ಕೂತುಬಿಟ್ಟಿದ್ದಳು. ವಿಚಾರಣೆಯಲ್ಲಿ ಸುಳ್ಳು ಹೇಳಲ್ಲ ಅಂತೀಯ, ಹೆತ್ತವಳಿಗೆ ಹೇಳ್ತೀಯಾ, ಆ ಗೀರನ್ನ ಸರಿಮಾಡದಿದ್ರೆ ಅಂಚೆಗೆ ಹಾಕಲ್ಲ ಅಂದಳು. ಸರಿ, ಬರೀ ಅಂದೆ. ಎಡಗೈಯಲ್ಲೇ ಹೆಲಿಕಾಪ್ಟರ್ ಹಾರಿಸಿಕೊಂಡು ವಾಪಸ್ ಬಂದೆ ಅಮ್ಮಾ. ಬಲಗೈಯನ್ನು ಡಾಕ್ಟರು ಮಣಿಕಟ್ಟಿನವರೆಗೆ ತೆಗೆದರು. ಗುರುವಾರ ಗೇಟಿನಲ್ಲಿ ಗದ್ದಲ ಇರುತ್ತದೆ, ಕೂಗಿದರೆ ಕೇಳಿಸಲ್ಲ. ಮಗ್ಗ ಹೊರಡಿಸು ಅನ್ನುವ ಸನ್ನೆ ನೆನಪಿದೆಯಲ್ಲ, ಕೈಯೆತ್ತಿ ಮುಷ್ಟಿ ಬಿಗಿಯುವುದು? ಅದಕ್ಕೆ ಒಂದೇ ಕೈ ಸಾಕು. ನೀನು ಹೊರಗಿಂದ ಎತ್ತು, ನಾನು ಒಳಗಿಂದ ಎತ್ತುತ್ತೇನೆ.